ಶಾರದಾ ಆಂಟಿಯ ಕೋಡುಬಳೆ ಮತ್ತು ಕೋರ್ಟಿನ ಫೀಸು

ಕಾರಿನ ಬಾಗಿಲು ತೆಗೆದರೆ ಇಂಗು, ಒಣಮೆಣಸಿನಕಾಯಿಯ ಘಮ. ಹಿಂದಿನ ಸೀಟಿನಲ್ಲಿ ಎರಡು ಪೊಟ್ಟಣ ಕೋಡುಬಳೆಯಿದೆ. ಈಗಷ್ಟೇ ಮರ್ಫಿ ಊರಿನಲ್ಲಿ ಮನೆಯಲ್ಲೇ ತಿಂಡಿ ಮಾಡಿ ಮಾರುವ ಶಾರದಾ ಆಂಟಿಯಿಂದ ತಂದದ್ದು. ಈ ವಾಸನೆಗೆ ನನ್ನ ಬಾಯಲ್ಲಿ ನೀರೂರುವುದಕ್ಕೆ ಮೊದಲು ಮುಖ ಬಿಸಿಯಾಗುತ್ತದೆ. ಕಾರಣ ಹೇಳುತ್ತೇನೆ, ನಗಬೇಡಿ.

ನಾನು ಚೌಕಾಸಿಯಿಂದಲೇ ಮೇಲೆ ಬಂದವನು. ಆಸ್ಟಿನ್‌ನಲ್ಲಿ ಓದುವಾಗ ಹಳೆಯ ಸೋಫಾದಿಂದ ಶುರುವಾದ ವಿದ್ಯೆ, ಹ್ಯೂಸ್ಟನ್‌ನಲ್ಲಿ ಮೊದಲ ಕಾರು ಕೊಂಡು ಮೆಕಿನ್ನಿಯಲ್ಲಿ ಮನೆ ಮಾಡುವಷ್ಟರಲ್ಲಿ ಚೆನ್ನಾಗಿಯೇ ಪಳಗಿತ್ತು. ನಿಮಗೂ ಒಂದು ಕಿವಿಮಾತು: ಬೆಲೆ ಕೇಳಿದ ಮೇಲೆ ಸುಮ್ಮನೆ ನಿಂತುಬಿಡಿ. ಮೌನ ತಡೆಯಲಾರದೆ ಎದುರಿನವರೇ ಇಳಿಯುತ್ತಾರೆ. ನಮ್ಮ ಗೃಹಪ್ರವೇಶಕ್ಕೆ ಇಪ್ಪತ್ತು ಪೊಟ್ಟಣ ಕೋಡುಬಳೆ ಹೇಳಿದಾಗ ಆಂಟಿಯ ಮುಂದೆಯೂ ಹಾಗೇ ನಿಂತೆ. ಪೊಟ್ಟಣಕ್ಕೆ ಹನ್ನೆರಡು ಡಾಲರಿದ್ದದ್ದು ಎಂಟಕ್ಕೆ ಬಂತು. ಊಟಕ್ಕೆ ಕೂತ ನಾಲ್ಕು ಜನರ ಮುಂದೆ ಅದನ್ನು ಕೊಚ್ಚಿಕೊಂಡದ್ದೂ ಉಂಟು.

ಮೂರು ತಿಂಗಳ ಮೇಲೆ ಆಂಟಿಯ ಫೋನ್ ಬಂತು. "ನಾಳೆ ಕೋರ್ಟಿಗೆ ಹೋಗ್ಬೇಕಪ್ಪಾ. ಮಾತಾಡೋದ್ರಲ್ಲಿ ನೀನು ಗಟ್ಟಿ. ಒಂಚೂರು ಜೊತೆಗೆ ಬಾ."

"ಯಾವ ಕೋರ್ಟು ಆಂಟಿ?"

"ದಿವಾಳಿ ಅರ್ಜಿ ಹಾಕ್ತಾರಲ್ಲ, ಅದು."

ಬೇರೆ ಯಾರದೋ ವಿಷಯ ಅಂದುಕೊಂಡೆ. ಮನೆಗೆ ಬಂದವರನ್ನು ಎಂದೂ ಬರಿಗೈಯಲ್ಲಿ ಕಳಿಸದ ಹೆಂಗಸು. ಮಾರನೆಯ ದಿನ ಕಾರಿನಲ್ಲಿ ಅವರು ಹೇಳುತ್ತ ಹೋದಂತೆ ಅರ್ಜಿ ಅವರದೇ ಎಂದು ತಿಳಿಯಿತು. ಅವರ ಗಂಡ, ಅಂಕಲ್, ಕೆಲಸ ಕಳೆದುಕೊಂಡಾಗ ಅದರ ಜೊತೆಗಿದ್ದ ಇನ್ಶೂರೆನ್ಸೂ ಹೋಯಿತು. ಆಮೇಲೆ ಹೃದಯದ ಆಪರೇಷನ್. ಬಿಲ್ಲು ಕ್ರೆಡಿಟ್ ಕಾರ್ಡಿಗೇರಿ, ಸಾಲ ಕೊಟ್ಟವರು ಕೇಸು ಹಾಕಿ ಗೆದ್ದಿದ್ದರು. ದಿವಾಳಿ ಅರ್ಜಿ ಬೇಗ ಕೊಡದಿದ್ದರೆ ಬ್ಯಾಂಕ್ ಖಾತೆಗೇ ಬೀಗ. ಡೇಕೇರ್‌ನಲ್ಲಿ ಮಕ್ಕಳನ್ನು ನೋಡಿಕೊಂಡು ಆಂಟಿ ತರುವ ಸಂಬಳ, ಮನೆ ಬಾಡಿಗೆಗೆ, ಅಂಕಲ್ ಮಾತ್ರೆಗೆ ಇಟ್ಟ ದುಡ್ಡು ಎಲ್ಲವೂ ಆ ಖಾತೆಯಲ್ಲೇ.

"ಲೈಬ್ರರೀಲಿ ಕೂತು ಅರ್ಜಿ ನಾನೇ ತುಂಬಿದೆ. ಫೀಸು ಮುನ್ನೂರ ಮೂವತ್ತೆಂಟು. ದೀಪಾವಳಿಯಿಂದ ಕೂಡಿಟ್ಟು ಇನ್ನೂರ ಅರವತ್ತಾಗಿದೆ. ಅಷ್ಟಕ್ಕೇ ಒಪ್ಪಿಸ್ತೀಯಾ?"

"ಉಳಿದದ್ದು ನಾನು ಕೊಡ್ತೀನಿ ಆಂಟಿ."

"ಸಾಲ ತೀರಿಸೋಕಾಗಲ್ಲ ಅಂತ ಬರ್ಕೊಡೋಕೆ ಸಾಲ ಮಾಡ್ಲಾ?"

ಕೌಂಟರಿನಲ್ಲಿ ನಾನು ಇನ್ನೂರ ಅರವತ್ತೆಂದು ಹೇಳಿ, ರೂಢಿಯಂತೆ ಸುಮ್ಮನೆ ನಿಂತೆ. ಗುಮಾಸ್ತೆಯೂ ಸುಮ್ಮನಿದ್ದಳು. ಆಮೇಲೆ ಒಂದು ಫಾರಂ ತಳ್ಳಿ, "ಕಡಿಮೆ ಮಾಡೋ ಅಧಿಕಾರ ನನಗಿಲ್ಲ. ಆದಾಯ ಕಡಿಮೆಯಿದ್ದರೆ ಪೂರ್ತಿ ಮನ್ನಾ ಕೇಳಬಹುದು, ಜಡ್ಜ್ ನಿರ್ಧರಿಸ್ತಾರೆ. ಇಲ್ಲಾಂದ್ರೆ ಕಂತು ಕೇಳಬಹುದು," ಎಂದಳು.

ಪೂರ್ತಿ. ಇಷ್ಟು ವರ್ಷ ಹತ್ತು, ಇಪ್ಪತ್ತು ಇಳಿಸಿ ಬೀಗಿದ ನನಗೆ ಸೊನ್ನೆ ಕೇಳಬಹುದೆಂದು ಹೊಳೆದೇ ಇರಲಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಫಾರಂನಲ್ಲಿ ಆದಾಯ ಬರೆಯಲು ಆಂಟಿ ಚೀಲದಿಂದ ಸಣ್ಣ ಪುಸ್ತಕ ತೆಗೆದರು. ಅದರಲ್ಲಿ ನನ್ನ ಹೆಸರಿತ್ತು: ಗೃಹಪ್ರವೇಶ, ಇಪ್ಪತ್ತು ಪೊಟ್ಟಣ, ನೂರ ಅರವತ್ತು. ಹನ್ನೆರಡರಂತೆ ಕೊಟ್ಟಿದ್ದರೆ ಇನ್ನೂರ ನಲವತ್ತಾಗುತ್ತಿತ್ತು. ನಾನು ಇಳಿಸಿದ್ದು ಎಂಬತ್ತು. ಫೀಸಿಗೆ ಅವರಿಗೆ ಕಡಿಮೆ ಬಿದ್ದದ್ದು ಎಪ್ಪತ್ತೆಂಟು.

"ಆಂಟಿ, ಅವತ್ತು ಯಾಕೆ ಹೇಳಲಿಲ್ಲ?"

"ನೀನು ಹಾಗೆ ಗರ ಬಡಿದವರ ಥರ ನಿಂತಿದ್ದೆಯಲ್ಲ, ಪಾಪ ನಿನಗೂ ಕಷ್ಟ ಇರಬೇಕು ಅಂದ್ಕೊಂಡೆ."

ಅವರೇ ನಕ್ಕರು. "ಬಿಡು, ನೀನು ಪೂರ್ತಿ ಕೊಟ್ಟಿದ್ರೆ ನಾನು ಸೀದಾ ಫೀಸು ಕಟ್ಟಿಬಿಡ್ತಿದ್ದೆ. ಈ ಫಾರಂ ಇದೆ ಅಂತ ಗೊತ್ತೇ ಆಗ್ತಿರಲಿಲ್ಲ."

ಕೂಡಿಟ್ಟ ಇನ್ನೂರ ಅರವತ್ತನ್ನೂ ಮುಚ್ಚಿಡದೆ ಬರೆದು ಸಹಿ ಹಾಕಿದರು. ಅರ್ಜಿ ಅಂದೇ ದಾಖಲಾಯಿತು, ಖಾತೆ ಉಳಿಯಿತು. ಕೆಲವು ದಿನಗಳಲ್ಲಿ ಫೀಸು ಮನ್ನಾ ಆದ ಕಾಗದವೂ ಬಂತು. ಆದ್ದರಿಂದ ನನ್ನ ಹಳೆಯ ಕಿವಿಮಾತನ್ನು ಮರೆತು ಇದನ್ನು ನೆನಪಿಡಿ: ಕೈಯಲ್ಲಿ ಕಾಸಿಲ್ಲದಿದ್ದರೆ, ಕೂಡಿಡಲು ಕೂರುವ ಮೊದಲು ಮನ್ನಾ ಫಾರಂ ಕೇಳಿ. ಕೇಳಲು ಯಾರಾದರೂ ನಾಚಿದರೆ ನೀವೇ ಜೊತೆಗೆ ಹೋಗಿ.

ಇವತ್ತು ಬಾಗಿಲು ತೆಗೆದ ಆಂಟಿ, "ಈಗ ಹದಿನಾಲ್ಕಪ್ಪಾ, ಎಣ್ಣೆ ರೇಟು ಏರಿದೆ," ಎಂದು ನನ್ನ ಮೌನಕ್ಕೆ ಕಾದು ನಿಂತರು.

"ಎರಡು ಕೊಡಿ," ಎಂದೆ.

ಅವರು ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿದರು. "ಜ್ವರ ಏನಾದ್ರೂ ಬಂದಿದೆಯಾ?"