ಚಕ್ರದ ಗುಂಬಕ್ಕೆ ಮೂರು ಕೋಟು ಬಣ್ಣ

ಮಸ್ಕತ್ತಿನಲ್ಲಿ ವರ್ಷಕ್ಕೆ ನಾಲ್ಕು ದಿನ ಮಳೆ ಬಂದರೆ ಹೆಚ್ಚು. ಆದರೂ ಅಲ್ಲಿ ಕಬ್ಬಿಣ ಕೊಳೆಯುತ್ತದೆ. ಕಡಲಿನ ಉಪ್ಪು ಗಾಳಿಯಲ್ಲೇ ಇರುತ್ತದೆ. ಬೆಳಿಗ್ಗೆ ಕಾರಿನ ಮೇಲೆ ಕೈಯಿಟ್ಟರೆ ಜ್ವರ ಬಿಟ್ಟವನ ಮೈಯ ಹಾಗೆ ಒದ್ದೆ. ಅದು ಸಾಲದು ಎಂದು ಜನ ಶುಕ್ರವಾರ ಬಂದರೆ ಕಾರನ್ನು ಅಲೆಯ ಅಂಚಿನ ಮರಳಿನಲ್ಲೇ ಓಡಿಸುತ್ತಾರೆ, ಮನೆಗೆ ಬಂದು ಬಾವಿಯ ಸವಳು ನೀರಿನಲ್ಲಿ ತೊಳೆಯುತ್ತಾರೆ. ಹೊರಗೆ ಬಣ್ಣ ಫಳಫಳ. ಚಕ್ರ ಬಿಚ್ಚಿ ನೋಡಿದರೆ ಒಳಗಿನ ಹಬ್ ಕಜ್ಜಿ ಹಿಡಿದ ನಾಯಿಯ ಬೆನ್ನು.

ಹಬ್ ಎಂದರೆ ಎತ್ತಿನ ಗಾಡಿಯ ಚಕ್ರಕ್ಕೆ ಗುಂಬ ಇದ್ದ ಹಾಗೆ. ಕಾರಿನ ಚಕ್ರ ಅದರ ಮುಖಕ್ಕೆ ಒತ್ತಿ ಕೂರುತ್ತದೆ, ನಟ್ಟುಗಳು ಬಿಗಿದು ಹಿಡಿಯುತ್ತವೆ. ಆ ಮುಖಕ್ಕೆ ತುಕ್ಕು ಹತ್ತಿತೋ, ಎರಡೂ ಒಂದಕ್ಕೊಂದು ಕಚ್ಚಿಕೊಂಡುಬಿಡುತ್ತವೆ. ನಟ್ಟುಗಳನ್ನೆಲ್ಲ ತೆಗೆದರೂ ಚಕ್ರ ಅಲ್ಲಾಡುವುದಿಲ್ಲ. ಒದೆಯಬೇಕು, ಮರದ ತುಂಡು ಕೊಟ್ಟು ಸುತ್ತಿಗೆಯಲ್ಲಿ ಹೊಡೆಯಬೇಕು. ಮಸ್ಕತ್ತಿನ ವಾದಿ ಕಬೀರ್ ಪ್ರದೇಶದ ಒಂದು ತಗಡಿನ ಗ್ಯಾರೇಜಿನಲ್ಲಿ ಈ ಒದೆಯುವ ಕೆಲಸ ದೇಜಪ್ಪ ಕರ್ಕೇರನದು.

ದೇಜಪ್ಪ ಮಲ್ಪೆ ಕಡೆಯ ಮೊಗವೀರ, ಮೀನುಗಾರರ ಮನೆಯವನು. ಓದಿದ್ದು ಐದನೆಯ ತರಗತಿ. ಚಿಕ್ಕಂದಿನಿಂದ ದೋಣಿ ರಿಪೇರಿಯ ಕೆಲಸದಲ್ಲಿದ್ದವನು; ಮೊಳೆ ಹೊಡೆಯುವುದು, ಬೋಲ್ಟು ಬಿಗಿಯುವುದು, ಬಣ್ಣ ಬಳಿಯುವುದು. ಯಂತ್ರದ ಪರ್ಸಿನ್ ಬೋಟುಗಳು ಬಂದು ಕಡಲನ್ನು ಗುಡಿಸಿಕೊಂಡು ಹೋಗತೊಡಗಿದಾಗ ದಡದಿಂದ ಎಳೆಯುವ ರಂಪಣಿ ಬಲೆಯವರ ಜೊತೆ ಅವನೂ ರಸ್ತೆಯಲ್ಲಿ ಕೂತ. ಮೊಣಕಾಲಿಗೆ ಲಾಠಿ ಏಟು ತಿಂದ. ಸಭೆಗಳಾದವು, ಭರವಸೆಗಳು ಬಂದವು, ಮೀನು ಬರಲಿಲ್ಲ. ಮುಂಬೈಯಲ್ಲಿ ಎರಡು ವರ್ಷ ಲಾರಿಗಳ ಟಯರು ಬಿಚ್ಚಿದ. ಎಂಬತ್ಮೂರರಲ್ಲಿ ಹೆಂಡತಿ ಮೋಹಿನಿಯನ್ನು ಊರಲ್ಲಿ ಬಿಟ್ಟು ಮಸ್ಕತ್ತಿಗೆ ಇಳಿದ. ಇಳಿದ ದಿನವೇ ಪಾಸ್‌ಪೋರ್ಟ್ ವೀಸಾ ಕೊಟ್ಟ ಗ್ಯಾರೇಜಿನ ಧಣಿ, ಅಂದರೆ ಕಫೀಲನ ಮೇಜಿನ ಡ್ರಾಯರಿಗೆ ಹೋಯಿತು. ಮಲ್ಪೆಯಲ್ಲಿ ಕೂಗಲಿಕ್ಕಾದರೂ ಒಂದು ರಸ್ತೆ ಇತ್ತು. ಇಲ್ಲಿ ಕೂಗಿದವನನ್ನು ವಿಮಾನ ಹತ್ತಿಸುತ್ತಿದ್ದರು, ಅಷ್ಟೇ.

ಹೀಗೆ ಎಂಟು ವರ್ಷ ಕಳೆದವು. ತೊಂಬತ್ತೊಂದರ ಮೇ ತಿಂಗಳಲ್ಲಿ, ಕಚ್ಚಿಕೊಂಡ ಒಂದು ಚಕ್ರವನ್ನು ಹೊಡೆಯುವಾಗ ರಿಮ್ ಸೀಳಿತು. ಕಾರು ಕಫೀಲನ ಭಾವಮೈದುನನದು. ಕಫೀಲ ಎಲ್ಲರೆದುರು ದೇಜಪ್ಪನಿಗೆ "ಹಿಮಾರ್" ಅಂದ. ಕತ್ತೆ ಎಂದು ಅರ್ಥ. ಅಷ್ಟು ಅರಬ್ಬಿ ಎಲ್ಲ ಕೂಲಿಗಳಿಗೂ ಬರುತ್ತಿತ್ತು.

ಈ ಮಾತು ದೇಜಪ್ಪನನ್ನು ಕೊರೆಯಿತು. ತುಕ್ಕು ಅಂದರೆ ಏನೆಂದು ತನಗೆ ಕಲಿಸಬೇಕೇ? ಮಲ್ಪೆಯಲ್ಲಿ ಮಳೆಗಾಲಕ್ಕೆ ದೋಣಿಗಳನ್ನು ದಡಕ್ಕೆ ಎಳೆದಾಗ ಒಂದೊಂದು ಬೋಲ್ಟಿನ ತಲೆಯನ್ನೂ ಕೆರೆದು, ಒಂದು ಕೋಟು ಒಣಗಿದ ಮೇಲೆ ಇನ್ನೊಂದರಂತೆ ಮೂರು ಕೋಟು ಕೆಂಪು ಬಣ್ಣ ಬಳಿಯುತ್ತಿದ್ದವನು ಅವನು. ಉಪ್ಪುನೀರಿನಲ್ಲಿ ವರ್ಷವಿಡೀ ಮುಳುಗಿದ್ದರೂ ಆ ಕಬ್ಬಿಣಕ್ಕೆ ಏನೂ ಆಗುತ್ತಿರಲಿಲ್ಲ. ಮತ್ರಾ ಬಂದರಿನ ಅಂಗಡಿಯಿಂದ ದೋಣಿಗೆ ಬಳಿಯುವ ದಪ್ಪ ಕೆಂಪು ಬಣ್ಣ ತಂದ. ಮುಂದೆ ಬಂದ ಗಾಡಿಗಳ ಹಬ್ಬುಗಳನ್ನು ತಂತಿಯ ಬ್ರಶ್ಶಿನಲ್ಲಿ ಬೆಳ್ಳಗೆ ಮಾಡಿ, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ, ಚಕ್ರ ಕೂರುವ ಮುಖಕ್ಕೇ ಮೂರು ಕೋಟು ಹಚ್ಚಿ, ಮೇಲೆ ಚಕ್ರ ಬಿಗಿದ. ಫೋರ್‌ಮನ್ ಎಲಿಯಾಸ್, ಬಜ್ಪೆ ಕಡೆಯ ಕ್ರೈಸ್ತ, ಬಂದು ನೋಡಿದ. "ಮದುಮಗಳ ಪಾದದ ಹಾಗೆ ಮಾಡಿದ್ದೀಯಲ್ಲ ಮಾರಾಯ" ಎಂದು ನಕ್ಕು ಹೋದ.

ಹೀಗೆ ಮೂರು ಗಾಡಿ ಆಗಿದ್ದವು. ಒಂದು ಇನ್ನೂ ಶೆಡ್ಡಿನಲ್ಲೇ ಇತ್ತು. ಒಂದು ಯೂಸುಫನ ಟ್ಯಾಕ್ಸಿ. ಇನ್ನೊಂದು ಊರ ಕಡೆಯ ಮುಸ್ಲಿಮ, ಹಸೈನಾರ್ ಬ್ಯಾರಿಯ ವ್ಯಾನ್.

ಶನಿವಾರ ಹನ್ನೆರಡು ಗಂಟೆಯ ಬಿಸಿಲಿನಲ್ಲಿ ಯೂಸುಫನ ಟ್ಯಾಕ್ಸಿ ಕುಂಟುತ್ತಾ ಬಂತು. ಯೂಸುಫ್ ಬಲೂಚಿ ಮೂಲದ ಒಮಾನಿ, ಗ್ಯಾರೇಜಿನವರ ಜೊತೆ ಉರ್ದುವಿನಲ್ಲೇ ಜಗಳ ಆಡುವವನು.

"ಅರೇ ಕರ್ಕೇರಾ, ಮುಂದಿನ ಚಕ್ರದಲ್ಲಿ ದೆವ್ವ ಕೂರಿಸಿದ್ದೀಯಾ? ಟಕ್ ಟಕ್ ಟಕ್. ಸವಾರಿ ಕೂತವನು ಹೆದರಿ ರೂವಿಯಲ್ಲೇ ಇಳಿದು ಹೋದ."

ದೇಜಪ್ಪ ಪಾನೆ ತಂದು ನಟ್ಟಿಗೆ ಕೊಟ್ಟ. ಕೈಗೆ ಭಾರವೇ ಸಿಗಲಿಲ್ಲ. ಎರಡು ನಟ್ಟುಗಳನ್ನು ಬೆರಳಲ್ಲೇ ತಿರುಗಿಸಿ ತೆಗೆದ. ಚಕ್ರ ಎಳೆದರೆ ಒಳಗೆ ಅವನು ಬಳಿದ ಬಣ್ಣ ಬೆಲ್ಲದ ಪಾಕದ ಹಾಗೆ ಮೆತ್ತಗಾಗಿ, ನಜ್ಜುಗುಜ್ಜಾಗಿ, ಅಂಚಿಗೆ ಹಿಂಡಿಕೊಂಡು ಬಂದಿತ್ತು.

ಎಲಿಯಾಸ್ ಬಗ್ಗಿ ನೋಡಿದ. ಮುಖ ಬಿಳಿಚಿತು. "ಕೂರುವ ಮುಖಕ್ಕೂ ಬಳಿದಿದ್ದೀಯಾ?"

"ಮತ್ತೆ? ತುಕ್ಕು ಹಿಡಿಯುವುದೇ ಅಲ್ಲಿ ಅಲ್ಲವಾ ಪೊರ್ಬುಗಳೇ?" ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆಯೇ ಅವನು ಎಲಿಯಾಸನನ್ನು ಕರೆಯುತ್ತಿದ್ದ.

"ಅದು ದೋಣಿ ಅಲ್ಲ ಮಾರಾಯ! ಅಲ್ಲಿ ಕಬ್ಬಿಣಕ್ಕೆ ಕಬ್ಬಿಣವೇ ತಾಗಿ ಕೂರಬೇಕು. ಬ್ರೇಕ್ ಬಿಸಿಗೆ ಬಣ್ಣ ಕರಗ್ತದೆ, ಒತ್ತಿ ಒತ್ತಿ ತೆಳು ಆಗ್ತದೆ. ಆಗ ನಟ್ಟಿಗೆ ಹಿಡಿತ ಎಲ್ಲಿಂದ? ಕೆರೆದು ಒರೆಸಿ, ನಡುವಿನ ಉಬ್ಬಿಗೆ ಮಾತ್ರ ಬೆರಳ ತುದಿಯಷ್ಟು ಗ್ರೀಸ್. ಅಷ್ಟೇ. ನೂರು ಮೈಲಿ ಓಡಿದ ಮೇಲೆ ಇನ್ನೊಮ್ಮೆ ಬಿಗಿಯುವುದು."

"ಹೇಳ್ಲಿಕ್ಕೆ ಈಗ ಬಾಯಿ ಬಂತಾ ನಿಮಗೆ? ಮದುಮಗಳ ಪಾದ ಅಂದಿರಿ!"

"ನೀನು ಮುಖಕ್ಕೂ ಬಳಿದದ್ದು ನಾನು ನೋಡಿದ್ದೇನಾ? ಚಕ್ರ ಹಾಕಿ ಆಗಿತ್ತು. ಸುತ್ತ ಕೆಂಪು ಕಂಡೆ, ಅಷ್ಟೇ."

ದೇಜಪ್ಪನಿಗೆ ಮುಂದಿನದು ಕೇಳಲಿಲ್ಲ. ಅವನ ತಲೆಯಲ್ಲಿ ಆಗಲೇ ಹಸೈನಾರನ ವ್ಯಾನ್ ಓಡುತ್ತಿತ್ತು. ಹಸೈನಾರ್ ಹಮ್ರಿಯಾದ ಒಂದು ದಿನಸಿ ಅಂಗಡಿಯ ಡ್ರೈವರ್. ಹಗಲು ಅಕ್ಕಿ, ಈರುಳ್ಳಿ ಸಾಗಿಸುವುದು. ಬೆಳಿಗ್ಗೆ ಮತ್ತು ಮಧ್ಯಾಹ್ನ ಹಮ್ರಿಯಾದ ಮಕ್ಕಳನ್ನು ದಾರ್ಸೈಟಿನ ಶಾಲೆಗೆ ಬಿಟ್ಟು ತರುವುದು. ಹದಿನಾರು ಮಕ್ಕಳು. ಆ ವ್ಯಾನಿನ ನಾಲ್ಕೂ ಚಕ್ರಕ್ಕೆ ಮೂರು ಮೂರು ಕೋಟು ಹಚ್ಚಿ ಬುಧವಾರ ಕಳಿಸಿದ್ದ. ಶಾಲೆ ಬಿಡುವುದು ಒಂದೂವರೆಗೆ.

"ಅಂಗಡಿಗೆ ಫೋನ್ ಮಾಡಿ ಪೊರ್ಬುಗಳೇ."

ಎಲಿಯಾಸ್ ತನ್ನ ಕ್ಯಾಬಿನ್ನಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ಬಾಯಿ ಮುಚ್ಚು. ಅವನ ಚಕ್ರ ಶಬ್ದ ಮಾಡಿದರೆ ಅವನೇ ಬರ್ತಾನೆ. ಬಿಗಿದು ಕಳಿಸುವ. ನಾವಾಗಿ ಹೇಳಿದರೆ ತಪ್ಪು ನಮ್ಮದು ಅಂತ ಬರೆದು ಕೊಟ್ಟ ಹಾಗೆ. ಪೊಲೀಸ್, ಕಫೀಲ್, ಎಲ್ಲ ಬರ್ತದೆ. ನನಗೂ ಹೆಂಡತಿ ಮಕ್ಕಳು ಉಂಟು."

"ವ್ಯಾನಿನಲ್ಲಿ ಹದಿನಾರು ಉಂಟು."

"ಎಂತ ಆಗಿಲ್ಲ ಇನ್ನೂ!"

ದೇಜಪ್ಪ ಅವನನ್ನು ತಳ್ಳಿ ಫೋನಿಗೆ ಕೈ ಹಾಕಿದ. ಅಂಗಡಿಯಲ್ಲಿ ಯಾರೋ ಎತ್ತಿದರು: ಹಸೈನಾರ್ ಬೌಷರಿನ ಕಟ್ಟಡ ಕೆಲಸದವರ ಕ್ಯಾಂಪಿಗೆ ಅಕ್ಕಿ ಮೂಟೆ ಹಾಕಿಕೊಂಡು ಹೋಗಿದ್ದಾನೆ, ಅಲ್ಲಿಂದ ನೇರ ಶಾಲೆಗೆ. ಅಲ್ಲಿಗೆ ಫೋನಿಲ್ಲ, ಶಾಲೆಯ ನಂಬರು ಗೊತ್ತಿಲ್ಲ.

ದೇಜಪ್ಪನಿಗೆ ಗಾಡಿ ಬಿಚ್ಚಲು ಬರುತ್ತಿತ್ತು, ಓಡಿಸಲು ಲೈಸೆನ್ಸ್ ಇರಲಿಲ್ಲ. ಯೂಸುಫನ ಕೈ ಹಿಡಿದ. ಆತ ಕೈ ಕೊಡವಿದ.

"ಮೊದಲು ನನ್ನ ಚಕ್ರ ಸರಿ ಮಾಡು. ಮೂರು ಕಾಲಿನ ಕತ್ತೆಯ ಮೇಲೆ ಬೌಷರಿಗೆ ಹೋಗುವುದಾ?"

ಮುಂದಿನ ಎರಡು ಚಕ್ರ ಬಿಚ್ಚಿ ಉಳಿಯಲ್ಲಿ, ಬ್ಲೇಡಿನಲ್ಲಿ, ಉಗುರಿನಲ್ಲಿ ಬಣ್ಣ ಕೆರೆದ. ಬಣ್ಣ ಬರಲಿಲ್ಲ. ಬಿಡದ ಹಾಗೆ ಬಳಿಯುವುದನ್ನೇ ಅಲ್ಲವೇ ಅವನು ಜೀವಮಾನ ಕಲಿತದ್ದು? ತಿನ್ನರ್ ಸುರಿದು ಉಜ್ಜಿದ. ಬೆರಳ ಚರ್ಮ ಎದ್ದಿತು. ಹಿಂದಿನ ಎರಡನ್ನು ಬರಿದೇ ಬಿಗಿದ. ಗಂಟೆ ಹನ್ನೆರಡೂ ಮುಕ್ಕಾಲು.

"ಯಲ್ಲಾ, ಹೊರಡೋಣ," ಅಂದ ಯೂಸುಫ್. "ಹಿಂದಿನದು ಕಳಚಿದರೆ ಮೊದಲು ನಿನ್ನನ್ನು ಕೊಲ್ಲುತ್ತೇನೆ, ಆಮೇಲೆ ಸಾಯುತ್ತೇನೆ."

ಹೆದ್ದಾರಿಗೆ ಹತ್ತಿದರು. ದೇಜಪ್ಪ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಎದುರಿನ ದಾರಿಯನ್ನೇ ನೋಡುತ್ತಿದ್ದ. ಬಿಸಿಗಾಳಿ ಕಣ್ಣಿಗೆ ಖಾರದಂತೆ ಹೊಡೆಯಿತು. ಹಸೈನಾರ್ ನಿಧಾನ ಓಡಿಸುವವನಲ್ಲ. ಮೂಟೆ ಇಳಿಸಿದ ಖಾಲಿ ವ್ಯಾನ್, ಶಾಲೆಗೆ ಹೊತ್ತಾದ ಅವಸರ. ಬ್ರೇಕ್ ಒತ್ತಿದಂತೆಲ್ಲ ಹಬ್ ಬಿಸಿ, ಬಿಸಿಯಾದಂತೆಲ್ಲ ಬಣ್ಣ ಮೆತ್ತಗೆ. ದೇಜಪ್ಪ ದೇವರನ್ನು ನೆನೆಯಲು ನೋಡಿದ; ನೆನಪಿಗೆ ಬಂದದ್ದು ಬಣ್ಣದ ಡಬ್ಬಿ ಮಾತ್ರ.

ಬೌಷರಿಗೆ ಇನ್ನೂ ಎರಡು ಮೈಲಿ ಇರುವಾಗ ಎದುರು ದಾರಿಯಲ್ಲಿ ಬಿಳಿ ವ್ಯಾನ್ ಕಂಡಿತು. ಎಡಗಡೆಯ ಮುಂದಿನ ಚಕ್ರ ಕುಡಿದವನ ಹಾಗೆ ತೂರಾಡುತ್ತಿತ್ತು.

"ಅದೇ! ಅದೇ! ಹಸೈನಾರ್! ಓ ಬ್ಯಾರಿ!"

ನಡುವೆ ಕಾಂಕ್ರೀಟಿನ ಗೋಡೆ. ಕೂಗು ಗಾಳಿಗೆ ಹೋಯಿತು. ವ್ಯಾನ್ ಮಸ್ಕತ್ ಕಡೆಗೆ ದಾಟಿತು. ಯೂಸುಫ್ ಹಾರ್ನಿನ ಮೇಲೆ ಮೊಣಕೈಯಿಟ್ಟು ಒತ್ತಿದ. ಹಸೈನಾರ್ ಟ್ಯಾಕ್ಸಿಯವನಿಗೆ ಸಲಾಂ ಹೇಳಿದಂತೆ ಕೈಯೆತ್ತಿ ಹೋದ. ತಿರುಗಬೇಕಾದರೆ ಮುಂದಿನ ವೃತ್ತದವರೆಗೂ ಹೋಗಬೇಕು. ವೃತ್ತದಲ್ಲಿ ನೀರಿನ ಟ್ಯಾಂಕರೊಂದು ಅಡ್ಡ ನಿಂತಿತ್ತು. ದೇಜಪ್ಪ ಇಳಿದು ಓಡಿ ಟ್ಯಾಂಕರಿನ ಬಾಗಿಲು ಗುದ್ದಿದ, ಕೈ ಮುಗಿದ, ತುಳುವಿನಲ್ಲಿ ಬೈದ. ಡ್ರೈವರ್ ಪಠಾಣ, ಒಂದು ಅಕ್ಷರ ತಿಳಿಯಲಿಲ್ಲ. ಆದರೆ ಆ ಮುಖ ನೋಡಿ ಗಾಡಿ ಹಿಂದೆ ತೆಗೆದ.

"ಹೆಚ್ಚು ಓಡಿಸಬೇಡ, ಹಿಂದಿನ ಚಕ್ರ..." ಅಂದ ದೇಜಪ್ಪ.

"ಬೇಗ ಹೋಗಬೇಕಾ, ನಿಧಾನ ಹೋಗಬೇಕಾ? ಒಂದು ಹೇಳು ಹುಚ್ಚಾ, ಮಜನೂನ್!"

ದೇಜಪ್ಪ ಟ್ಯಾಕ್ಸಿಯ ಬಾಗಿಲು ಎಳೆದು ಹಾಕಿದ. "ಬೇಗ," ಅಂದ.

ನಡುದಾರಿಯಲ್ಲಿ ಹಿಂದಿನಿಂದ ಟಕ್ ಟಕ್ ಶುರುವಾಯಿತು. ನಿಲ್ಲಿಸಿದರು. ನಟ್ಟು ಬಿಗಿದರು. ಹಾಗೆ ನಿಂತ ಐದು ನಿಮಿಷ ದೇಜಪ್ಪನಿಗೆ ಮಲ್ಪೆಯ ಲಾಠಿಗಿಂತ ಹೆಚ್ಚು ನೋವು ಕೊಟ್ಟಿತು. ಮುಂದೆ ರಸ್ತೆಯ ಪ್ರತಿ ತಿರುವಿನಲ್ಲೂ ಮಗುಚಿ ಬಿದ್ದ ವ್ಯಾನ್ ಕಾಣುತ್ತದೆಂದು ಅವನು ಕಣ್ಣು ಮುಚ್ಚುತ್ತಿದ್ದ, ಮತ್ತೆ ನೋಡದೆ ಇರಲಾರದೆ ತೆರೆಯುತ್ತಿದ್ದ.

ದಾರ್ಸೈಟಿನ ಶಾಲೆಯೆದುರು ಮಕ್ಕಳೆಲ್ಲ ವ್ಯಾನ್ ಹತ್ತಿ ಆಗಿತ್ತು. ಹಸೈನಾರ್ ಗೇರ್ ಹಾಕಿ ಇಳಿಜಾರಿಗೆ ಮುಖ ತಿರುಗಿಸಿದ್ದ. ದೇಜಪ್ಪ ಓಡುತ್ತಿದ್ದ ಟ್ಯಾಕ್ಸಿಯಿಂದಲೇ ಹಾರಿ, ಬಿದ್ದು, ಎದ್ದು, ವ್ಯಾನಿನ ಮುಂದೆ ಎರಡು ಕೈ ಚಾಚಿ ನಿಂತ. ಬಂಪರ್ ಅವನ ಮೊಣಕಾಲಿಗೆ ತಾಗಿ ನಿಂತಿತು.

ಹಸೈನಾರ್ ತಲೆ ಹೊರಗೆ ಹಾಕಿದ. "ಎಂತ ದೇಜಪ್ಪಣ್ಣ, ಸಾಯ್ಲಿಕ್ಕೆ ನನ್ನ ಗಾಡಿಯೇ ಸಿಕ್ಕಿತಾ?"

"ಮಕ್ಕಳನ್ನು ಇಳಿಸು ಬ್ಯಾರಿ. ಚಕ್ರ ಕಳಚ್ತದೆ."

"ಸ್ಟೇರಿಂಗ್ ಸ್ವಲ್ಪ ನಡುಗ್ತದೆ, ಹೌದು. ಸಂಜೆ ತರುವ ಅಂತ ಇದ್ದೆ. ಮೂರು ದಿನದಿಂದ ಓಡಿಸ್ತಾ ಇದ್ದೇನೆ ನಾನು. ಈಗ ದಾರಿ ಬಿಡು."

"ನಾನೇ ಹಾಳು ಮಾಡಿದ್ದು! ನನ್ನ ತಪ್ಪು! ಇಳಿಸು ಮೊದಲು!"

ಒಳಗಿನಿಂದ ಕನ್ನಡಕದ ಹುಡುಗಿಯೊಬ್ಬಳು, "ಅಂಕಲ್, ವಿ ಆರ್ ಗೆಟಿಂಗ್ ಲೇಟ್," ಅಂದಳು. ದೇಜಪ್ಪ ಬಾಗಿಲು ಎಳೆದು, ಸಿಕ್ಕಿದವರನ್ನು ಸಿಕ್ಕಿದಂತೆ ಎತ್ತಿ ಕೆಳಗಿಟ್ಟ. ಹಸೈನಾರ್ ಇಳಿದು ಬಂದು ಅವನ ಅಂಗಿ ಹಿಡಿದ. ದೇಜಪ್ಪ ಅಂಗಿ ಬಿಟ್ಟುಕೊಟ್ಟ, ಬಗ್ಗಿ ಎಡಗಡೆಯ ಮುಂದಿನ ಚಕ್ರದ ನಟ್ಟಿಗೆ ಬೆರಳು ಹಾಕಿದ. ತಿರುಗಿತು. ಎರಡನೆಯದೂ ತಿರುಗಿತು. ಮೂರನೆಯದಕ್ಕೆ ಕೈ ಹಾಕಿದರೆ ಬೋಲ್ಟೇ ತುಂಡಾಗಿ ನಟ್ಟಿನೊಡನೆ ಅಂಗೈಗೆ ಬಂತು. ಉಳಿದದ್ದು ಎರಡು. ಮುಂದಿದ್ದದ್ದು ಇಳಿಜಾರು.

ಹಸೈನಾರ್ ಆ ತುಂಡನ್ನು ಕೈಗೆ ತೆಗೆದುಕೊಂಡು ನೋಡಿದ. ಅಂಗಿ ಬಿಟ್ಟ. ಆಮೇಲೆ ದೇಜಪ್ಪನ ಕೆನ್ನೆಗೆ ಒಂದು ಬಿಗಿದ.

"ಬೌಷರಿನಿಂದ ನೂರರಲ್ಲಿ ಬಂದೆ ನಾನು! ನಿನಗೆ ತಾಯಿ ತಂದೆ ಇಲ್ಲವಾ? ಎಂತ ಬಳಿದದ್ದು ಇದಕ್ಕೆ, ಗೋಡೆಯಾ ಇದು?"

ದೇಜಪ್ಪ ಜಾಕ್ ಇಟ್ಟ.

ಮಕ್ಕಳನ್ನು ಗೋಡೆಯ ನೆರಳಿನಲ್ಲಿ ಕೂರಿಸಿದರು. ಶಾಲೆಯ ಫೋನಿನಿಂದ ಸುದ್ದಿ ತಿಳಿದು ಕರೆದೊಯ್ಯಲು ಬಂದ ತಂದೆ ತಾಯಂದಿರಲ್ಲಿ ಹಸೈನಾರ್ ಒಬ್ಬೊಬ್ಬರಿಗೂ ಬೋಲ್ಟಿನ ತುಂಡು ತೋರಿಸಿ, ಯಾವ ಗ್ಯಾರೇಜ್, ಯಾರು ಮಾಡಿದ್ದು, ಎಲ್ಲ ಹೇಳಿದ. ದೇಜಪ್ಪ ತಡೆಯಲಿಲ್ಲ. ಎರಡು ಚಕ್ರ ಮುಗಿಯುವ ಹೊತ್ತಿಗೆ ಗ್ಯಾರೇಜಿನ ಪಿಕಪ್ಪಿನಲ್ಲಿ ಎಲಿಯಾಸ್ ಬಂದ. ಯಾರೋ ಆಗಲೇ ಕಫೀಲನಿಗೆ ಫೋನ್ ಮಾಡಿದ್ದರು.

"ಕರೀತಾ ಇದ್ದಾರೆ ನಿನ್ನನ್ನು. ಪಾಸ್‌ಪೋರ್ಟ್ ಡ್ರಾಯರಿನಿಂದ ತೆಗೆದು ಮೇಜಿನ ಮೇಲೆ ಇಟ್ಟಿದ್ದಾರೆ." ಎಲಿಯಾಸ್ ದನಿ ತಗ್ಗಿಸಿದ. "ಖಲಾಸ್, ದೇಜಪ್ಪ. ನನ್ನ ಹೆಸರು ಎತ್ತಬೇಡ ಮಾರಾಯ. ಕಾಲು ಹಿಡೀತೇನೆ."

ದೇಜಪ್ಪ ಲೆಕ್ಕ ಹಾಕಿದ. ನಲವತ್ತೊಂದರ ವಯಸ್ಸು. ಮಲ್ಪೆಯ ದೋಣಿ ರಿಪೇರಿಗೆ ಈಗ ಇಪ್ಪತ್ತರ ಹುಡುಗರಿದ್ದಾರೆ. ಮೋಹಿನಿ ಬಾಗಿಲಿಗೆ ಬಂದು ನೋಡುತ್ತಾಳೆ, ರಜೆ ಎಷ್ಟು ದಿನ ಅಂತ ಕೇಳುತ್ತಾಳೆ. ಏನು ಹೇಳುವುದು? ಬಣ್ಣ ಬಳಿದೆ ಅಂತಲಾ?

"ಇನ್ನೂ ಎರಡು ಚಕ್ರ ಉಂಟು," ಅಂದ.

"ಕಫೀಲ್ ಕಾಯ್ತಾ ಇದ್ದಾರೆ ಅಂದೆ!"

"ಕಾಯಲಿ. ನಿಮ್ಮ ಪಿಕಪ್ಪಿನಲ್ಲಿ ತಿನ್ನರ್ ಉಂಟಾ?"

"ನನ್ನ ಹಿಂದಿನ ಎರಡು?" ಎಂದು ಟ್ಯಾಕ್ಸಿಯ ನೆರಳಿನಲ್ಲಿ ಕೂತಿದ್ದ ಯೂಸುಫ್ ಕೂಗಿದ.

"ಅದೂ ಉಂಟು. ಒಟ್ಟು ನಾಲ್ಕು."

ಎಲಿಯಾಸ್ ಬೈದ, ತಿನ್ನರ್ ಡಬ್ಬಿ ಇಳಿಸಿಟ್ಟು ಹೋದ. ಬಿಸಿಲಿಗೆ ಕಾದ ಹಬ್ ಕೈ ಸುಡುತ್ತಿತ್ತು. ದೇಜಪ್ಪ ಅಂಗಿ ಬಿಚ್ಚಿ ಅಂಗೈಗೆ ಸುತ್ತಿಕೊಂಡು ಕೆರೆದ. ನಾಲ್ಕನೆಯದು ಮುಗಿಯುವಾಗ ಮಧ್ಯಾಹ್ನದ ನಂತರದ ನಮಾಜಿನ ಕರೆಯೂ ಆಗಿತ್ತು. ಪ್ರತಿ ನಟ್ಟನ್ನೂ ಅಡ್ಡಡ್ಡಕ್ಕೆ ಬಿಗಿದು, ಮತ್ತೊಮ್ಮೆ ಬಿಗಿದು, ನೂರು ಮೈಲಿಯ ಮೇಲೆ ಇನ್ನೊಮ್ಮೆ ಬಿಗಿಸಿಕೊಳ್ಳಿ ಎಂದು ಇಬ್ಬರಿಗೂ ಹೇಳಿದ. ಹಸೈನಾರ್ ಮುಖ ತಿರುಗಿಸಿದ.

ಕಫೀಲ ವೀಸಾ ರದ್ದು ಮಾಡಿಸಿದ. ಹನ್ನೊಂದನೆಯ ದಿನ ದೇಜಪ್ಪನನ್ನು ಮುಂಬೈ ವಿಮಾನಕ್ಕೆ ಹತ್ತಿಸಿದರು. ಎರಡು ವರ್ಷ ಒಮಾನಿಗೆ ಮರಳುವಂತಿಲ್ಲ ಎಂದು ಪಾಸ್‌ಪೋರ್ಟಿನಲ್ಲಿ ಒತ್ತಿದ್ದರು.