ಅಮ್ಮಾ, ನೀವು ಬಿದ್ದಿದ್ದೀರಾ?

ನನ್ನ ತಮ್ಮನಿಗೆ ಚಿಕ್ಕಂದಿನಿಂದಲೂ ಒಂದು ಗುಣವಿದೆ. ತಾನು ಮಾಡಬೇಕಾದ ಕೆಲಸದ ಬದಲಿಗೆ ಒಂದು ವಸ್ತು ತಂದಿಟ್ಟು ಕೈ ತೊಳೆದುಕೊಳ್ಳುತ್ತಾನೆ. ಹೋದ ಚಳಿಗಾಲ ಅವ್ವನ ಮೊಣಕಾಲು ಹಿಡಿದುಕೊಂಡಾಗ ಒಂದು ಸಲ ಬಂದು ಪಕ್ಕದಲ್ಲಿ ಕೂತು ಹೋಗಿದ್ದರೆ ಸಾಕಿತ್ತು, ಇವನು ಮಂಚ ಕಳಿಸಿದ. ಅವನಿರುವುದು ಯಶವಂತನಗರದಲ್ಲಿ, ಗಣಿ ಕಂಪನಿಯ ಆಫೀಸಿನಲ್ಲಿ ಕೆಲಸ. ನಾನೂ ಅವ್ವನೂ ಇರುವುದು ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ, ನನ್ನ ಕಾಲುವೆ ಆಫೀಸಿನ ಹಿಂದೆಯೇ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟ ನಮ್ಮನೆಯಲ್ಲಿ ಮುಗಿಸಿ ಸಂಜೆಗೆ ವಾಪಸ್ಸು ಮುಟ್ಟಬಹುದು. ಊರಿನವರೆಲ್ಲ ಓಡಾಡುವ ಆ ರಸ್ತೆ ಇವನೊಬ್ಬನಿಗೆ ಮಾತ್ರ ಉದ್ದವಾಗಿತ್ತು.

ಅವ್ವನ ಆಸೆ ಏನೂ ದೊಡ್ಡದಲ್ಲ. ಮಗ ಫೋನ್ ಮಾಡಿ "ಊಟ ಆತೇನವ್ವ" ಎಂದು ಕೇಳಬೇಕು, ಅಷ್ಟೆ. ತಾನಾಗಿ ಮಾಡಲು ಅವಳಿಗೆ ಸಂಕೋಚ. "ಡ್ಯೂಟ್ಯಾಗ ಇರ್ತಾನ, ಯಾಕ ತ್ರಾಸ ಕೊಡಬೇಕು" ಎನ್ನುತ್ತಿದ್ದಳು. ಆ ಮಹಾಶಯ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಅದೂ ಬಾಯಲ್ಲಿ ಏನೋ ಅಗಿಯುತ್ತ, ಹಿಂದಿನಿಂದ ಯಾರಿಗೋ "ಬಂದೆ, ಬಂದೆ" ಎನ್ನುತ್ತ.

ಹಗಲು ಹೊತ್ತು ಅವ್ವನ ಜೊತೆಗಿರಲು ಬರುತ್ತಿದ್ದ ಕಂಪ್ಲಿಯ ಹೆಂಗಸು ಮಗಳ ಬಾಣಂತನಕ್ಕೆಂದು ಬೇಸಿಗೆಯ ಮೊದಲಿಗೆ ಊರಿಗೆ ಹೊರಟುಹೋದಳು. ಬೇರೆ ಯಾರಾದರೂ ಸಿಗುತ್ತಾರೇನೋ ವಿಚಾರಿಸು ಎಂದು ತಮ್ಮನಿಗೆ ಹೇಳಿದೆ. ಹತ್ತು ದಿನಕ್ಕೆ ಹೊಸಪೇಟೆಯಿಂದ ಒಬ್ಬ ಬಂದು, ಪಡಸಾಲೆಯ ಗೋಡೆಗೆ, ಕ್ಯಾಲೆಂಡರಿನ ಮೇಲೆ, ನೀರಿನ ಲೋಟದಷ್ಟಿದ್ದ ಬಿಳಿ ಯಂತ್ರವೊಂದನ್ನು ಬಡಿದು ಹೋದ. ಆಮೇಲೆ ತಮ್ಮನ ಉಪನ್ಯಾಸ ಶುರುವಾಯಿತು.

"ಅಕ್ಕ, ಇದು ಬರೇ ಕ್ಯಾಮೆರಾ ಅಲ್ಲ. ಎಐ ಐತಿ ಅದ್ರಾಗ. ಇಪ್ಪತ್ನಾಕು ತಾಸು ಅವ್ವನ ಮ್ಯಾಲೆ ಕಣ್ಣಿಡತೈತಿ. ಬಿದ್ರ ಮೊದ್ಲು ಅದs ಮಾತಾಡಸತೈತಿ. ಅವ್ವ ಉತ್ತರ ಕೊಡಲಿಲ್ಲಂದ್ರ ನನಗ ಅಲಾರಂ ಬರತೈತಿ."

"ಕಣ್ಣಿಡೋದು ಅದು, ಮಾತಾಡ್ಸೋದು ಅದು. ನೀ ಏನು ಮಾಡ್ತೀಲೇ?"

"ನನಗ ದಿನಾ ರಿಪೋರ್ಟ್ ಬರತೈತಲ್ಲ" ಎಂದ. ನಾಚಿಕೆ ಎನ್ನುವುದು ಅವನ ದನಿಯಲ್ಲಿ ಹುಡುಕಿದರೂ ಸಿಗಲಿಲ್ಲ.

ನಮ್ಮ ಕಡೆಯ ಬಿಸಿಲಲ್ಲಿ ಮಧ್ಯಾಹ್ನ ಹಾಸಿಗೆಯ ಮೇಲೆ ಯಾರೂ ಮಲಗುವುದಿಲ್ಲ. ಬಂಡೆ ಹಾಸಿದ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ತೋಳನ್ನೇ ದಿಂಬು ಮಾಡಿಕೊಂಡು ಹಾಗೇ ಒರಗುತ್ತೇವೆ. ಇದು ಆ ಯಂತ್ರ ಮಾಡಿದ ಬುದ್ಧಿವಂತರಿಗೆ ಗೊತ್ತಿರಲಿಲ್ಲ. ಅವರ ಪ್ರಕಾರ ನೆಲದ ಮೇಲಿರುವ ಮುದುಕಿ ಎಂದರೆ ಬಿದ್ದ ಮುದುಕಿ. ಅವ್ವ ಮೊದಲ ದಿನ ಸೆಕೆ ತಾಳದೆ ಮಂಚ ಇಳಿದು ನೆಲಕ್ಕೆ ಬೆನ್ನು ಹಚ್ಚಿದ್ದೇ ತಡ, ಗೋಡೆಯಿಂದ ವಾರ್ತೆ ಓದುವ ದನಿಯೊಂದು ಕೇಳಿತು. "ಅಮ್ಮಾ, ನೀವು ಬಿದ್ದಿದ್ದೀರಾ? ದಯವಿಟ್ಟು ಉತ್ತರಿಸಿ."

ಊಟಕ್ಕೆ ಬಂದಿದ್ದ ನಾನು ತುತ್ತು ನೆತ್ತಿಗೇರುವಂತೆ ನಕ್ಕೆ. ಅವ್ವ ಆ ಯಂತ್ರವನ್ನೇ ಬೆರಗಿನಿಂದ ನೋಡುತ್ತ ಸುಮ್ಮನಿದ್ದಳು. ಒಂದು ನಿಮಿಷಕ್ಕೆ ಅವಳ ಬಟನ್ ಫೋನ್ ಬಡಿದುಕೊಂಡಿತು.

"ಅವ್ವಾ! ಏನಾತವ್ವಾ? ಬಿದ್ದೇನು?" ತಮ್ಮನ ದನಿ ನಡುಗುತ್ತಿದ್ದದ್ದು ನನ್ನವರೆಗೂ ಕೇಳಿತು.

"ಇಲ್ಲೋ ಯಪ್ಪಾ, ಮಲಗೀನಿ. ಊಟ ಆತು. ನಿಂದಾತೇನು?"

ಫೋನ್ ಇಟ್ಟ ಮೇಲೂ ಅವ್ವನ ಮುಖದಲ್ಲಿ ನಗು ಇತ್ತು. ಯಂತ್ರದ ದಡ್ಡತನಕ್ಕೆ ನಗುತ್ತಿದ್ದಾಳೆ ಎಂದುಕೊಂಡು ನಾನೂ ಜೊತೆಗೂಡಿದೆ.

ಆಮೇಲೆ ಇದು ದಿನದ ನಾಟಕವಾಯಿತು. ಮೊಣಕಾಲು ಹಿಡಿದಾಗಿನಿಂದ ಮಂಚದ ಮೇಲೇ ಇದ್ದ ಅವ್ವ ಮತ್ತೆ ನೆಲಕ್ಕೆ ಬಂದಳು. ಒಂದು ಕೈ ಗೋಡೆಗೆ, ಒಂದು ಕೈ ಸೊಂಟಕ್ಕೆ ಕೊಟ್ಟು, "ಯಪ್ಪಾ ಶಿವನೇ" ಎನ್ನುತ್ತ ಇಳಿಯುವಳು. ಏಳುವುದಂತೂ ನಾನು ಬಂದು ರಟ್ಟೆ ಹಿಡಿದ ಮೇಲೆಯೇ. ಸೆಕೆ, ಪಾಪ, ಎಂದುಕೊಂಡೆ. ಯಂತ್ರ ದಿನವೂ ಕೇಳುವುದು, ಅವಳು ದಿನವೂ ತುಟಿ ಪಿಟಕ್ಕೆನ್ನದೆ ಮಲಗಿರುವುದು, ಹಿಂದೆಯೇ ತಮ್ಮನ ಫೋನ್ ಬರುವುದು. ನಮ್ಮವ್ವ ಆ ಡಬ್ಬಿಗೆ ಕವಡೆ ಕಾಸಿನ ಕಿಮ್ಮತ್ತು ಕೊಡುವುದಿಲ್ಲ ಎಂದು ಆಫೀಸಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಹಂಪಿಯಲ್ಲಿ ಗೆಸ್ಟ್ ಹೌಸ್ ಇಟ್ಟಿರುವ ನಮ್ಮ ಸೋದರಮಾವ ಒಂದು ದಿನ ಇದನ್ನು ನೋಡಲೆಂದೇ ಬಂದ. ತಂಗಿಯನ್ನು ಹೇಗಿದ್ದೀ ಎಂದು ಕೇಳುವ ಮೊದಲು ಯಂತ್ರದ ಕೆಳಗೆ ನಿಂತು ಕತ್ತೆತ್ತಿದ. "ಮಸ್ತ್ ಐತಿ ಬಿಡು! ರಜಾ ಕೇಳಂಗಿಲ್ಲ, ಚಾ ಕೇಳಂಗಿಲ್ಲ. ನಮ್ಮತ್ತಿಗೂ ಒಂದು ಹಾಕ್ಸಿ ಬಿಡ್ತೀನಿ" ಎಂದ. ಆ ಅತ್ತೆ, ಅಂದರೆ ಇವನ ಹೆಂಡತಿಯ ತಾಯಿ, ಇರುವುದು ಇವನ ಮನೆಯ ಹಿಂದಿನ ಕೋಣೆಯಲ್ಲಿ. ಅಲ್ಲಿಯವರೆಗೆ ನಡೆದು ಹೋಗಲೂ ಇವನಿಗೆ ಯಂತ್ರ ಬೇಕು.

ಮೂರನೇ ವಾರಕ್ಕೆ ತಮ್ಮ ರೇಗಿದ. ಮೀಟಿಂಗಿನ ನಡುವೆ ಅಲಾರಂ ಹೊಡೆದುಕೊಳ್ಳುತ್ತದಂತೆ, ಸಾಹೇಬರು ಕಣ್ಣು ಬಿಡುತ್ತಾರಂತೆ. "ಮಂಚದ ಮ್ಯಾಲೆ ಮಲಗಾಕ ಹೇಳಕ್ಕ ಅವ್ವಗ. ಮಂಚ ಯಾಕ ಕಳ್ಸೀನಿ ಮತ್ತ?"

ಇಂಥ ಮಾತಿಗೇ ನಾನು ಕಾದಿದ್ದೆ. "ಹುಟ್ಟಿದಾಗಿಂದ ನೆಲದ ಮ್ಯಾಲೆ ಮಲಗ್ಯಾಳ ನಮ್ಮವ್ವ. ನಿನ್ನ ಡಬ್ಬಿಗೆ ತಿಳಿಯಂಗಿಲ್ಲ ಅಂತ ಆಕಿ ಮಂಚ ಹತ್ತಬೇಕೇನು? ಅಷ್ಟು ಶಾಣ್ಯಾ ಇದ್ರ ಅದಕ್ಕs ಕಲಿಸು. ಆಕಿ ನೆಲದ ತಂಟೆಗೆ ಬರಬ್ಯಾಡ!" ಎಂದು ಅರ್ಧ ತಾಸು ಜಾಡಿಸಿದೆ. ಅವ್ವ ಒಳಗಿನಿಂದ "ಹೋಗ್ಲಿ ಬಿಡವ್ವ, ಅವ್ನಿಗೆ ಬೈಬ್ಯಾಡ" ಎನ್ನುತ್ತಿದ್ದಳು. ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅವಳ ಪರವಾಗಿ ಯುದ್ಧ ಮಾಡುತ್ತಿದ್ದೆನಲ್ಲ.

ಯಂತ್ರಕ್ಕೆ ಕಲಿಸಲು ಸಾಧ್ಯವಿತ್ತು. ಆ ಭಾನುವಾರ ತಮ್ಮ ತನ್ನ ಫೋನಿನಲ್ಲೇ ಹಳೆಯ ದೃಶ್ಯಗಳನ್ನೆಲ್ಲ ಅದಕ್ಕೆ ತೋರಿಸಿ, ಇದು ಬೀಳುವುದಲ್ಲ, ಮಲಗುವುದು ಎಂದು ತಿದ್ದಿದ. ಒಂದೇ ದಿನದಲ್ಲಿ ಅದಕ್ಕೆ ಬುದ್ಧಿ ಬಂತು. ನಾನು ಗೆದ್ದೆ. ಅವ್ವನಿಗೆ ಹೇಳಲಿಲ್ಲ; ಇಂಥ ತಾಂತ್ರಿಕ ವಿಷಯ ಅವಳಿಗೇಕೆ ಎಂದುಕೊಂಡೆ.

ಸೋಮವಾರ ಊಟಕ್ಕೆ ಬಂದಾಗ ಅವ್ವ ನೆಲದ ಮೇಲಿದ್ದಳು. ಯಂತ್ರ ಸುಮ್ಮನಿತ್ತು. ಮಂಗಳವಾರ ಅವಳು ಅದಕ್ಕೆ ನೇರ ಕಾಣುವಂತೆ ಪಡಸಾಲೆಯ ನಟ್ಟನಡುವೆ ಮಲಗಿದ್ದಳು, ಬಟನ್ ಫೋನ್ ಕಿವಿಯ ಹತ್ತಿರ. ಬುಧವಾರ ಅಡುಗೆಮನೆ ಹೊಸ್ತಿಲಿಗೆ ಅಡ್ಡವಾಗಿ, ಒಂದು ಕೈ ಚಾಚಿಕೊಂಡು ಮಲಗಿದ್ದಳು. "ಇಲ್ಲಿ ಗಾಳಿ ಬರತೈತಿ" ಎಂದಳು. ಅಲ್ಲಿ ಗಾಳಿ ಬರುವುದಿಲ್ಲ. ಆ ಸಂಜೆ ತಮ್ಮ ತನಗೆ ಬಂದ ರಿಪೋರ್ಟನ್ನು ನನಗೂ ಕಳಿಸಿದ. "ಇಂದು ಅಮ್ಮ ನೆಮ್ಮದಿಯಿಂದ ವಿಶ್ರಾಂತಿ ಪಡೆದರು" ಎಂದಿತ್ತು, ಪಕ್ಕದಲ್ಲೊಂದು ಹಸಿರು ಗುರುತು. ಅದರ ಕೆಳಗೆ ಇವನು ತನ್ನದೊಂದು ಹೆಬ್ಬೆರಳು ಸೇರಿಸಿದ್ದ.

ಶನಿವಾರ ಅವ್ವ ನೆಲದ ಮೇಲಿಂದಲೇ ತಾನಾಗಿ ಬಾಯಿಬಿಟ್ಟಳು. "ಅದು ಕೆಟ್ಟೈತೇನು ನೋಡವ್ವ. ಮಾತs ಆಡವಲ್ದು."

"ಕೆಟ್ಟಿಲ್ಲವ್ವ, ಸರಿ ಮಾಡ್ಸೀನಿ" ಎಂದೆ, ಎದೆಯುಬ್ಬಿಸಿ. "ನೀ ಮಲಗಿದ್ದು ಅಂತ ಈಗ ಅದಕ್ಕ ತಿಳಿತೈತಿ. ಇನ್ನ ಅವ್ನಿಗೆ ಅಲಾರಂ ಹೋಗಂಗಿಲ್ಲ, ಅವ್ನ ಫೋನೂ ಬರಂಗಿಲ್ಲ. ಎಷ್ಟು ಬೇಕಷ್ಟೊತ್ತು ಆರಾಮ ಮಲಗು."

ಅವ್ವ ಗೋಡೆಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ನನ್ನ ಬಾಯಿಗೆ ಮಣ್ಣು ಬೀಳಲಿ. ಆ ಡಬ್ಬಿಯನ್ನು ದಡ್ಡ ಎಂದು ಊರೆಲ್ಲ ಸಾರಿದವಳು ನಾನು. ಅದಕ್ಕೆ ಒಂದು ದಿನದಲ್ಲಿ ಬುದ್ಧಿ ಬಂತು, ಪಕ್ಕದಲ್ಲಿ ಕೂತು ಉಣ್ಣುತ್ತಿದ್ದ ನನಗೆ ಮೂರು ವಾರ ಬರಲಿಲ್ಲ.

"ಹಂಗಾರ ಎಬ್ಬಿಸು" ಎಂದು ಅವ್ವ ಕೈ ಚಾಚಿದಳು. "ನೆಲ ಭಾಳ ಒತ್ತತೈತಿ. ಮಂಚದ ಮ್ಯಾಲೆ ಮಲಗ್ತೀನಿ."

ರಟ್ಟೆ ಹಿಡಿದು ಎಬ್ಬಿಸಿ, ಮಂಚದವರೆಗೆ ನಡೆಸಿಕೊಂಡು ಹೋದೆ. ಫೋನನ್ನು ಅವಳು ನೆಲದ ಮೇಲೆಯೇ ಬಿಟ್ಟು ಬಂದಿದ್ದಳು.