ಗಂಗವ್ವನ ತಂಬಾಕಿನ ಪುಡಿ

ನನಗಾಗ ನಲವತ್ತು. ಇದಕ್ಕ ಮೂವತ್ತು ವರ್ಷ ಆತು. ಚಿಕ್ಕೋಡಿಯ ಒಂದು ಕಾಲೇಜಿನ ಫಿಜಿಕ್ಸ್ ಲ್ಯಾಬಿನ್ಯಾಗ ಕಸ ಹೊಡಿಯಾಕಿ ನಾನು. ನಿಪ್ಪಾಣಿ ಕಡೆಯ ಗಂಗವ್ವನೂ ನನ್ನಂಗ ಹಂಗಾಮಿ. ಇಬ್ಬರೊಳಗ ಒಬ್ಬಾಕಿನ್ನ ಅಟೆಂಡರ್ ಅಂತ ಕಾಯಂ ಮಾಡ್ತೀವಿ ಅಂದಿದ್ರು. ನಾ ಮೊದಲ ಬಂದಾಕಿ. ಆದ್ರ ಫಿಜಿಕ್ಸ್ ಸರ್ ಬಾಯಾಗ ಯಾವಾಗ್ಲೂ ಗಂಗವ್ವ, ಗಂಗವ್ವ. ನನ್ನ ಹೊಟ್ಟ್ಯಾಗ ಬೆಂಕಿ.

ಆ ವರ್ಷ ಊರ ಮಂದೀಗೆ ವಿಜ್ಞಾನ ತೋರಿಸೋ ದಿನ ಇಟ್ರು. ಸರ್ ಡಾರ್ಕ್ ಮ್ಯಾಟರ್ ಬಗ್ಗೆ ಹೇಳೋರಿದ್ರು. ಆಕಾಶದಾಗ ಚುಕ್ಕಿಗಳು ತಿರುಗೋ ರಭಸ ನೋಡಿದ್ರ, ಕಾಣೋದಕ್ಕಿಂತ ಭಾಳ ಹೆಚ್ಚು ವಜನ ಅಲ್ಲಿ ಐತಿ. ಅದು ಕಣ್ಣಿಗೆ ಬೀಳೂದಿಲ್ಲ. ಅದನ್ನ ಹುಡುಕಾಕ ಪರದೇಶದಾಗ ನೆಲದ ಕೆಳಗ ಬಳಿಯಂಥಾ ಸುರಂಗ ಮಾಡ್ಯಾರ, ಕೊಲೈಡರ್ ಅಂತ. ಅದರಾಗ ಸಣ್ಣ ಕಣಗಳನ್ನ ಎದುರಾಬದುರ ಗುದ್ದಿಸಿ, ಸಿಡಿದದ್ದನ್ನ ಅಳೀತಾರ. ಒಂದು ಬಾಜೂಕ ಸಿಡಿದು ಇನ್ನೊಂದು ಬಾಜೂ ಖಾಲಿ ಉಳಿದ್ರ, ಕಾಣದ್ದೊಂದು ಆ ಕಡೆ ಹೋಗೇತಿ ಅಂತ ಲೆಕ್ಕ.

ಇದನ್ನ ಗೋಲಿ ಗುದ್ದಿಸಿ ತೋರಿಸಬೇಕಂದ್ರ ಬಿಳೀ ಹಲಗಿ ಮ್ಯಾಲ ಗೆರಿ ಮೂಡಾಕ ಕಪ್ಪನ್ನ ಪುಡಿ ಬೇಕು. ಸರ್ ಕೇಳಿದ್ದೂ ಗಂಗವ್ವನ್ನ. ಆಕಿ ಮನಿಯಿಂದ ತಂಬಾಕಿನ ಪುಡಿ ತಂದು ಹಾಸಿದ್ಳು. ತಂಬಾಕಿನ ವಖಾರದಾಗ, ಆ ಚೀಲದ ರಾಶಿ ನಡುವ ಬೆಳದಾಕಿಗೆ ಅದರ ಘಾಟು ಎಲ್ಲಿ ಗೊತ್ತಾಗಬೇಕು. ಮ್ಯಾಲ ಫ್ಯಾನ್ ಹಾಕಿದ್ರು. ಪ್ರಿನ್ಸಿಪಾಲರಿಂದ ಹಿಡದು ಕಡೀ ಸಾಲಿನ ತನಕ ಎಲ್ಲಾರೂ ಸೀನಾಕ ಹತ್ತಿದ್ರು. ಹೋತು ಇಕಿ ನೌಕರಿ ಅಂತ ನನಗ ಹಿಗ್ಗು.

ಸರ್ ಮೂಗು ಒರಸ್ಕೊಂಡು, "ಗಾಳ್ಯಾಗ ಪುಡಿ ಯಾರಿಗರ ಕಾಣಾಕತ್ತೇತೇನ್ರಿ?" ಅಂದ್ರು.

"ಇಲ್ರಿ. ಮೂಗಿಗೆ ಕೇಳ್ರಿ," ಅಂದ ಒಬ್ಬ ಮುದುಕ.

"ಡಾರ್ಕ್ ಮ್ಯಾಟರೂ ಹಿಂಗ. ಕಾಣೂದಿಲ್ಲ, ಆದ್ರ ಉಳಿದದ್ದನ್ನ ಸುಮ್ನ ಇರಗೊಡೂದಿಲ್ಲ."

ಮಂದಿ ನಕ್ಕು ಚಪ್ಪಾಳಿ ಬಡದ್ರು. ಸಂಜಿಕ ಪ್ರಿನ್ಸಿಪಾಲರು, "ಇವತ್ತಿಂದು ಯಾರೂ ಮರಿಯೂದಿಲ್ಲ," ಅಂತ ಗಂಗವ್ವನ್ನ ಕಾಯಂ ಮಾಡಿ, ಲ್ಯಾಬಿನ ಕೀಲಿಕೈ ಆಕಿ ಕೈಯಾಗ ಇಟ್ರು. ತಪ್ಪು ಮಾಡಿಯೂ ಗೆದ್ದಳು.

ಆಕಿ ಚಾ ತಂದ್ಳು. "ತಗೋ ಬೇ. ಸಿಟ್ಟೇನ?"

"ನಾ ಏನರ ಅಂದ್ನೇನ?"

"ಬಾಯಿಲೆ ಅಂದಿಲ್ಲ. ನಾ ಬಂದ್ರ ನೀ ಬಾಜೂಕ ಸರೀತಿ. ಸರ್ ಹೇಳಿದ ಲೆಕ್ಕ ನನಗೂ ತಿಳದೈತಿ."

ಕೊಲೈಡರಿನ್ಯಾಗ ಹುಡುಕೂದು ಇನ್ನೂ ಸಿಕ್ಕಿಲ್ಲಂತ. ಹೊಟ್ಟಿಕಿಚ್ಚು ಮಾತ್ರ ಎಷ್ಟು ಮುಚ್ಚಿಟ್ರೂ ಸಿಗತೈತಿ. ಆ ಲ್ಯಾಬಿನ್ಯಾಗ ನಾ ಕಲಿತಿದ್ದು ಇಷ್ಟ.

ಮರುದಿನ ಮುಂಜಾನೆ ಬಾಗಲಾ ಆಕಿ ತಗದ್ಳು. ನಾ ಲ್ಯಾಬೆಲ್ಲಾ ಕಸ ಹೊಡದು, ಆಕೀನೂ ಒಮ್ಮೆ ಸೀನಲಿ ಅಂತ ಆಕಿ ಸ್ಟೂಲಿನ ಸುತ್ತ ಬಳಿಯಂಗ ಪುಡಿ ಅಷ್ಟ ಬಿಟ್ಟೆ. ಆಕಿ ಬಂದು ಆರಾಮ ಕುಂತ್ಳು. ಸೀನು ನನಗ ಬಂತು.